ಸ್ಕೇಲು ಹಿಡಿದು ಐರಿಸ್ ನೋಡುವುದು: ತುಂಗನಾಥದ ಬುಗ್ಯಾಲಿನಲ್ಲಿ ನನ್ನ ಅನುಭವ

ಹಿಮಾಲಯದಲ್ಲಿ ಚಾರಣ ಮುಗಿಸಿ ಬಂದವರು ಫೋನಿನಲ್ಲಿ ಒಂದು ನೇರಳೆ ಹೂ ತೋರಿಸಿ "ಇದು ಯಾವ ಐರಿಸ್?" ಎಂದು ಕೇಳುತ್ತಾರೆ. ಫೋಟೋ ಚೆನ್ನಾಗಿಯೇ ಇರುತ್ತದೆ. ಮೇಲಿನಿಂದ ತೆಗೆದಿರುತ್ತಾರೆ, ಚೌಕಟ್ಟಿನ ತುಂಬ ಹೂವೇ ಇರುತ್ತದೆ. ಆದರೆ ಹೆಸರು ಹೇಳಲು ಬೇಕಾದ ಭಾಗ ಮಾತ್ರ ಅದರಲ್ಲಿ ಇರುವುದಿಲ್ಲ. ಅದು ಹೂವಿನ ಕೆಳಗೆ, ಎಲೆಗಳ ನಡುವೆ, ಹಸಿರು ಹೊದಿಕೆಯೊಳಗೆ ಅಡಗಿ ಕೂತಿರುತ್ತದೆ. ನಾನು ಸಸ್ಯಶಾಸ್ತ್ರದ ಮೇಷ್ಟ್ರಲ್ಲ, ಹವ್ಯಾಸಿ ಅಷ್ಟೆ. ಕಾಡುಹೂಗಳನ್ನು ಸುಮ್ನೆ ನೋಡಿ ಖುಷಿಪಡುವುದರ ಜೊತೆಗೆ ಅಳತೆ ತೆಗೆದು ಬರೆದಿಡುವ ಅಭ್ಯಾಸ ಇದೆ. ಉತ್ತರಾಖಂಡದಲ್ಲಿ ಐರಿಸ್ ಕೆಮಾವೊನೆನ್ಸಿಸ್ ಎಂಬ ಜಾತಿಯನ್ನು ನಾನು ಹೇಗೆ ಗುರುತು ಹಿಡಿದೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಈ ಐರಿಸ್ ಹಿಮಾಲಯದ ಉದ್ದಕ್ಕೂ ಇದೆ. ಉತ್ತರಾಖಂಡ, ನೇಪಾಳ, ಭೂತಾನ್ ದಾಟಿ ಟಿಬೆಟ್ ಮತ್ತು ಚೀನಾದ ನೈಋತ್ಯ ಭಾಗದವರೆಗೂ ಸಿಗುತ್ತದೆ. ನಾನು ನೋಡಲು ಆರಿಸಿಕೊಂಡ ಜಾಗ ಚೋಪ್ತಾದಿಂದ ತುಂಗನಾಥಕ್ಕೆ ಹತ್ತುವ ದಾರಿ. ಚೋಪ್ತಾ ಸುಮಾರು 2,700 ಮೀಟರ್ ಎತ್ತರದಲ್ಲಿದೆ, ತುಂಗನಾಥ ದೇವಸ್ಥಾನ ಸುಮಾರು 3,680 ಮೀಟರ್. ಮೂರೂವರೆ ನಾಲ್ಕು ಕಿಲೋಮೀಟರಿನಲ್ಲಿ ಕಾಡು ಮುಗಿದು, ಕುಳ್ಳು ರೋಡೋಡೆಂಡ್ರಾನ್ ಪೊದೆಗಳು ಬಂದು, ಆಮೇಲೆ ಬುಗ್ಯಾಲ್ ಶುರುವಾಗುತ್ತದೆ. ಮರದ ಗಡಿ ದಾಟಿದ ಮೇಲಿನ ಹುಲ್ಲುಗಾವಲನ್ನು ಅಲ್ಲಿನವರು ಬುಗ್ಯಾಲ್ ಎನ್ನುತ್ತಾರೆ. ಹೂವಿನ ಕಾಲ ಮೇ ಮಧ್ಯದಿಂದ ಜೂನ್. ಹೆಚ್ಚಿನ ಚಾರಣಿಗರು ಹೂಗಳಿಗಾಗಿ ಜುಲೈ, ಆಗಸ್ಟಿನಲ್ಲಿ ಬರುತ್ತಾರೆ. ಆಗ ಬಂದರೆ ಬೇರೆ ನೂರು ಹೂ ಸಿಗಬಹುದು, ಇದು ಮಾತ್ರ ಮುಗಿದುಹೋಗಿರುತ್ತದೆ. ಹಿಮ ಕರಗಿದ ಮೇಲೆ ಬೇಗ ಏಳುವ ಗಿಡಗಳ ಗುಂಪಿಗೆ ಸೇರಿದ್ದು ಇದು.

ಬೆಳಿಗ್ಗೆ ಬೇಗ ಹತ್ತಬೇಕು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುತ್ತದೆ, ಆಲಿಕಲ್ಲೂ ಬೀಳಬಹುದು. ಒದ್ದೆಯಾಗಿ ಮುದುಡಿದ ಎಸಳನ್ನು ಅಳೆದು ಪ್ರಯೋಜನವಿಲ್ಲ. ನನ್ನ ಚೀಲದಲ್ಲಿ ಇರುವುದು ಇಷ್ಟೇ: 15 ಸೆಂಟಿಮೀಟರಿನ ಸ್ಟೀಲ್ ಸ್ಕೇಲು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಹ್ಯಾಂಡ್ ಲೆನ್ಸ್, ಪೆನ್ಸಿಲ್, ದಪ್ಪ ರಟ್ಟಿನ ನೋಟ್‌ಬುಕ್, ಅಂಗೈ ಅಗಲದ ಕಪ್ಪು ಬಟ್ಟೆ. ಬಟ್ಟೆ ಫೋಟೋಗೆ. ಹೂವಿನ ಹಿಂದೆ ಹಿಡಿದರೆ ತೆಳು ನೇರಳೆ ಬಣ್ಣ ಹುಲ್ಲಿನಲ್ಲಿ ಕಳೆದುಹೋಗುವುದಿಲ್ಲ. ಪೆನ್ನು ಬೇಡ, ಮಳೆ ಹನಿ ಬಿದ್ದರೆ ಬರೆದದ್ದೆಲ್ಲ ಹೋಗುತ್ತದೆ. ಅಗೆಯುವ ಯಾವ ಸಾಮಾನನ್ನೂ ನಾನು ಒಯ್ಯುವುದಿಲ್ಲ. ಈ ಜಾಗ ಕೇದಾರನಾಥ ವನ್ಯಜೀವಿ ಧಾಮದ ಒಳಗೆ ಬರುತ್ತದೆ, ಗಿಡ ಕೀಳುವಂತಿಲ್ಲ. ಹಾಗಾಗಿ ಗಿಡ ಇದ್ದಲ್ಲೇ ಇರಬೇಕು, ನಾವೇ ಮಂಡಿಯೂರಿ ಅದರ ಮಟ್ಟಕ್ಕೆ ಇಳಿಯಬೇಕು.

ಮೊದಲು ಹೂ ನೋಡುವುದನ್ನು ಬಿಟ್ಟು ಬುಡ ನೋಡುತ್ತೇನೆ. ಗೆಡ್ಡೆ ಮಣ್ಣಿನ ಮೇಲ್ಮೈಗೆ ಹತ್ತಿರದಲ್ಲೇ ಇರುತ್ತದೆ. ಕಲ್ಲುಗಳ ಸಂದಿಯಲ್ಲಿ ಮಣ್ಣು ಕೊಚ್ಚಿಹೋದಲ್ಲಿ ತಾನಾಗಿಯೇ ಕಾಣುತ್ತದೆ. ಮೋಟು ಶುಂಠಿಯ ಹಾಗೆ ಗಂಟುಗಂಟಾಗಿ, ಒತ್ತೊತ್ತಾಗಿ ಕವಲೊಡೆದಿರುತ್ತದೆ. ಅದಕ್ಕೇ ಗಿಡಗಳು ಒಂಟಿಯಾಗಿರದೆ ಗುಂಪಾಗಿ ನಿಲ್ಲುತ್ತವೆ. ಗೆಡ್ಡೆಯ ತುದಿಯಲ್ಲಿ ಹಳೆ ಎಲೆಗಳ ಒಣಗಿದ ನಾರು ಉಳಿದಿರುತ್ತದೆ. ಎಲೆಗಳು ಎದುರುಬದುರಾಗಿ ಒಂದೇ ಸಾಲಿನಲ್ಲಿ ಎದ್ದಿರುತ್ತವೆ, ಒಂದರ ಬುಡ ಇನ್ನೊಂದನ್ನು ತಬ್ಬಿಕೊಂಡು. ಐರಿಸ್ ಎಲೆಯಲ್ಲಿ ಒಂದು ವಿಚಿತ್ರ ಇದೆ. ಸಾಮಾನ್ಯವಾಗಿ ಎಲೆಗೆ ಮೇಲ್ಮುಖ, ಕೆಳಮುಖ ಬೇರೆಬೇರೆ ಅಲ್ವಾ? ಇಲ್ಲಿ ಎಲೆ ಉದ್ದಕ್ಕೆ ಮಡಚಿ ಅಂಟಿಕೊಂಡು ಬೆಳೆದಂತಿದೆ. ಹಾಗಾಗಿ ಎರಡೂ ಬದಿಯಲ್ಲಿ ಕಾಣುವುದು ಒಂದೇ ಮುಖ. ಬುಡದ ಹತ್ತಿರ ಬೆರಳಾಡಿಸಿದರೆ ಆ ಮಡಿಕೆ ಇನ್ನೂ ತೆರೆದೇ ಇರುವುದು ಕೈಗೆ ಸಿಗುತ್ತದೆ.

ಹೂ ಬಿಡುವಾಗ ಎಲೆಗಳು ಚಿಕ್ಕವು, ಹೂವಿನ ಮಟ್ಟಕ್ಕೆ ಬಂದರೆ ಹೆಚ್ಚು. ಅಗಲ ಹೆಚ್ಚೆಂದರೆ ಒಂದು ಸೆಂಟಿಮೀಟರ್. ಕಾಯಿ ಬಲಿಯುವ ಹೊತ್ತಿಗೆ ಇವೇ ಎಲೆಗಳು ಎಷ್ಟೋ ಪಟ್ಟು ಉದ್ದವಾಗುತ್ತವೆ. ಆದ್ದರಿಂದ ಎಲೆಯ ಉದ್ದ ಬರೆಯುವಾಗ ತಾರೀಕು ಬರೆಯದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಈಗ ಹೂವಿಗೆ ಬರೋಣ. ನನಗೆ ಜಾಸ್ತಿ ಹೊತ್ತು ಹಿಡಿಯುವುದು ಇಲ್ಲೇ. ಮೂರು ಎಸಳು ಹೊರಕ್ಕೆ ಬಾಗಿ ಇಳಿಬಿದ್ದಿರುತ್ತವೆ. ಮೂರು ಎಸಳು ನೆಟ್ಟಗೆ ಮೇಲೆದ್ದಿರುತ್ತವೆ. ಇವೆರಡರ ನಡುವೆ, ಇಳಿಬಿದ್ದ ಪ್ರತಿ ಎಸಳಿನ ಮೇಲೂ ಚಾವಣಿಯಾಗಿ ಬಾಗಿರುವ ಇನ್ನೂ ಮೂರು "ಎಸಳು" ಕಾಣುತ್ತವೆ. ಅವು ಎಸಳೇ ಅಲ್ಲ. ಹೂವಿನ ಹೆಣ್ಣು ಭಾಗವಾದ ಶಲಾಕೆ ಮೂರು ಕವಲಾಗಿ, ಅಗಲವಾಗಿ, ಬಣ್ಣ ಪಡೆದು ಎಸಳಿನ ರೂಪ ತಾಳಿದೆ. ಕಾಶ್ಮೀರದ ಕೇಸರಿಯೂ ಇದೇ ಐರಿಡೇಸೀ ಕುಟುಂಬದ್ದು. ನಾವು ಹಾಲಿಗೆ ಹಾಕುವ ಕೇಸರಿ ಎಳೆಗಳೂ ಅದರ ಶಲಾಕೆಯ ಮೂರು ಕವಲುಗಳೇ. ಕುಟುಂಬದ ಲೆಕ್ಕ ಎರಡರಲ್ಲೂ ಒಂದೇ: ಎಸಳು ಆರು, ಕೇಸರ (ಪರಾಗ ಕೊಡುವ ಗಂಡು ಭಾಗ) ಮೂರು, ಶಲಾಕೆಯ ಕವಲು ಮೂರು, ಎಸಳಿನ ಕೆಳಗೆ ಮೂರು ಕೋಣೆಯ ಅಂಡಾಶಯ.

ಕೇಸರ ಎಲ್ಲಿದೆ ಎಂದು ಹುಡುಕಬೇಕು. ಶಲಾಕೆಯ ಚಾವಣಿಯನ್ನು ಪೆನ್ಸಿಲ್ ತುದಿಯಿಂದ ಮೆಲ್ಲಗೆ ಎತ್ತಿದರೆ ಅದರ ಕೆಳಗೆ ಒಂದೇ ಒಂದು ಕೇಸರ ಒತ್ತಿಕೊಂಡಿರುತ್ತದೆ. ಅದರ ಪರಾಗಕೋಶ ಕೆಳಮುಖವಾಗಿ ಒಡೆಯುತ್ತದೆ. ಚಾವಣಿಯ ತುದಿ ಎರಡಾಗಿ ಸೀಳಿ ಮೇಲೆದ್ದಿರುತ್ತದೆ. ಆ ಸೀಳಿನ ಬುಡದಲ್ಲಿ, ಕೆಳಬದಿಯಲ್ಲಿ ಒಂದು ಸಣ್ಣ ತುಟಿ. ಪರಾಗ ಹಿಡಿಯುವ ಜಾಗ ಅದೇ. ಲೆನ್ಸ್ ಇಲ್ಲದೆ ಇದು ಕಾಣುವುದು ಕಷ್ಟ.

ಬಿಸಿಲು ಏರಿದ ಮೇಲೆ ದುಂಬಿಗಳು ಬರುತ್ತವೆ. ಒಂದು ಗುಂಪಿನ ಪಕ್ಕ ಅಲುಗಾಡದೆ ಕೂತರೆ ಇಡೀ ವ್ಯವಸ್ಥೆ ಅರ್ಥವಾಗುತ್ತದೆ. ದುಂಬಿ ಇಳಿಬಿದ್ದ ಎಸಳಿನ ಮೇಲೆ ಇಳಿದು, ನಡುವಿನ ರೋಮದ ಸಾಲು ಹಿಡಿದು, ಚಾವಣಿಯ ಕೆಳಗೆ ನುಗ್ಗುತ್ತದೆ. ಒಳಹೋಗುವಾಗ ಅದರ ಬೆನ್ನು ಮೊದಲು ಆ ತುಟಿಗೆ ತಾಗುತ್ತದೆ. ಬೇರೆ ಹೂವಿನಿಂದ ತಂದ ಪರಾಗ ಅಲ್ಲಿ ಅಂಟುತ್ತದೆ. ಇನ್ನೂ ಒಳಗೆ ಹೋದಾಗ ಈ ಹೂವಿನ ಪರಾಗ ಬೆನ್ನಿಗೆ ಬೀಳುತ್ತದೆ. ಹಿಂದಕ್ಕೆ ಸರಿದು ಹೊರಬರುವಾಗ ಅದೇ ತುಟಿ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಪರಾಗ ಹಿಡಿಯದ ಹೊರಮೈ ಮಾತ್ರ ತಾಗುವುದರಿಂದ ಸ್ವಂತ ಪರಾಗ ಅಲ್ಲಿ ಅಂಟುವ ಅವಕಾಶ ಕಡಿಮೆ. ದುಂಬಿಯ ಲೆಕ್ಕದಲ್ಲಿ ಇದು ಮೂರು ಬೇರೆಬೇರೆ ಬಾಗಿಲು. ಒಂದೇ ಹೂವಿನ ಒಂದು ಬಾಗಿಲು ನೋಡಿ, ಉಳಿದ ಎರಡನ್ನು ಬಿಟ್ಟು ಹಾರಿಹೋದ ದುಂಬಿಗಳನ್ನೂ ನೋಡಿದ್ದೇನೆ.

ಈ ರೋಮದ ಸಾಲಿಗೆ ಐರಿಸ್ ನೋಡುವವರು ಗಡ್ಡ ಎನ್ನುತ್ತಾರೆ. ಕೆಮಾವೊನೆನ್ಸಿಸ್‌ನಲ್ಲಿ ಗಡ್ಡದ ರೋಮ ಬಿಳಿ, ತುದಿ ಹಳದಿ ಇಲ್ಲವೇ ಕಿತ್ತಳೆ. ಎಸಳುಗಳ ಬಣ್ಣ ತೆಳು ನೇರಳೆ, ಅದರ ಮೇಲೆ ಗಾಢ ನೇರಳೆಯ ಮಚ್ಚೆ ಮತ್ತು ಕಲೆಗಳು. ಬಣ್ಣದ ಹದ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಮಚ್ಚೆ ಇದೆಯೋ ಇಲ್ಲವೋ ಎಂಬುದು ಮುಖ್ಯ, ಎಷ್ಟು ಗಾಢ ಎಂಬುದರ ಮೇಲೆ ನಾನು ಏನನ್ನೂ ತೀರ್ಮಾನಿಸುವುದಿಲ್ಲ. ಗಡ್ಡ ಮಾತ್ರ ದೊಡ್ಡ ಸಾಕ್ಷಿ. ಅದೇ ಕೊಂಚ ಕೆಳಗಿನ ಎತ್ತರದಲ್ಲಿ ಸಿಗುವ ಐರಿಸ್ ಮಿಲೆಸಿಯಲ್ಲಿ ಗಡ್ಡ ಇಲ್ಲ, ಅಂಚು ಕತ್ತರಿಸಿದಂತಿರುವ ಹಳದಿ ಜುಟ್ಟು ಇದೆ. ಅದು ಎತ್ತರದ ಗಿಡ, ಕಾಂಡ ಕವಲೊಡೆಯುತ್ತದೆ, ಎಲೆ ನಾಲ್ಕು ಬೆರಳಿನಷ್ಟು ಅಗಲ. ಐರಿಸ್ ಡೆಕೋರಾದಲ್ಲೂ ಗಡ್ಡ ಇಲ್ಲ, ಹಳದಿ ಏಣು ಮಾತ್ರ. ಅದರ ಗೆಡ್ಡೆ ತೀರಾ ಚಿಕ್ಕದು, ಬೇರುಗಳೇ ಊದಿಕೊಂಡಿರುತ್ತವೆ. ಹೂ ಮಧ್ಯಾಹ್ನದ ಹೊತ್ತಿಗೆ ಅರಳಿ ಸಂಜೆಗೆ ಬಾಡುತ್ತದೆ. ಇವೆರಡನ್ನು ಬೇರ್ಪಡಿಸಲು ಒಂದು ನಿಮಿಷ ಸಾಕು.

ನಿಜವಾದ ತಲೆನೋವು ಐರಿಸ್ ಹುಕೇರಿಯಾನಾ. ಅದಕ್ಕೂ ಗಡ್ಡ, ಅದಕ್ಕೂ ಮಚ್ಚೆ, ಅದೂ ಕುಳ್ಳು, ಅದೂ ನೇರಳೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಎರಡೂ ಒಂದೇ. ಇಲ್ಲಿ ಸ್ಕೇಲು ಬೇಕಾಗುತ್ತದೆ.

ಹೂವಿನ ಕೆಳಗೆ ತೆಳ್ಳಗೆ ಕಾಣುವುದನ್ನು ಎಲ್ಲರೂ ಕಾಂಡ ಎಂದುಕೊಳ್ಳುತ್ತಾರೆ. ಅದು ಕಾಂಡವಲ್ಲ. ಆರು ಎಸಳೂ ಕೆಳಗೆ ಒಂದಾಗಿ ಕೂಡಿ ಆದ ಕೊಳವೆ. ಅಂಡಾಶಯ ಆ ಕೊಳವೆಯ ತಳದಲ್ಲಿ, ಎಲೆಗಳ ಮಧ್ಯೆ ಇರುತ್ತದೆ. ಕೆಮಾವೊನೆನ್ಸಿಸ್‌ನಲ್ಲಿ ನಿಜವಾದ ಕಾಂಡ ಹೂ ಬಿಡುವಾಗ ತೀರಾ ಮೋಟು, ಕೆಲವು ಸಲ ಕಣ್ಣಿಗೇ ಬೀಳುವುದಿಲ್ಲ. ಹೂವನ್ನು ಮೇಲೆತ್ತಿ ಹಿಡಿಯುವ ಕೆಲಸವನ್ನು ಕೊಳವೆಯೇ ಮಾಡುತ್ತದೆ. ಎತ್ತರದ ಗಾಳಿ, ರಾತ್ರಿಯ ಹೆಪ್ಪು, ಮೇ ತಿಂಗಳಲ್ಲೂ ಉದುರುವ ಹಿಮ ಇವೆಲ್ಲ ನೆನೆಸಿಕೊಂಡರೆ, ಎಸಳು ಹರಿದರೂ ಬೀಜ ಕಟ್ಟುವ ಭಾಗ ಕೆಳಗೆ ಭದ್ರವಾಗಿರಲಿ ಎಂಬ ಏರ್ಪಾಡಿನಂತೆ ನನಗೆ ತೋರುತ್ತದೆ.

ಅಳೆಯುವುದು ಹೀಗೆ. ಹೂವನ್ನು ಸುತ್ತಿದ ಹಸಿರು ಹೊದಿಕೆಯನ್ನು ಎರಡು ಬೆರಳಿನಿಂದ ಸ್ವಲ್ಪವೇ ಬಿಡಿಸುತ್ತೇನೆ, ಹರಿಯುವುದಿಲ್ಲ. ಕೊಳವೆಯ ಗುಂಟ ಬೆರಳನ್ನು ಕೆಳಗಿಳಿಸಿದರೆ ಒಂದೆಡೆ ಉಬ್ಬು ಸಿಗುತ್ತದೆ, ಅದು ಅಂಡಾಶಯ. ಉಬ್ಬಿನ ಮೇಲಂಚು ಎಲ್ಲಿದೆಯೋ ಅಲ್ಲಿಗೆ ಸ್ಕೇಲಿನ ಸೊನ್ನೆ. ಎಸಳುಗಳು ಒಂದರಿಂದೊಂದು ಬಿಡಿಯಾಗುವ ಜಾಗದವರೆಗೆ ಓದಬೇಕು. ಸ್ಟೀಲ್ ಸ್ಕೇಲಿನಲ್ಲಿ ಸೊನ್ನೆಗೆ ಮೊದಲು ಖಾಲಿ ಅಂಚು ಇರಬಾರದು, ಕೊಳ್ಳುವಾಗಲೇ ನೋಡಿಕೊಳ್ಳಿ. ಕೆಮಾವೊನೆನ್ಸಿಸ್ ಆದರೆ ಕೊಳವೆ 5ರಿಂದ 7 ಸೆಂಟಿಮೀಟರಿನ ಆಸುಪಾಸು. ಹುಕೇರಿಯಾನಾ ಆದರೆ 2ರಿಂದ 3, ಅದಕ್ಕೆ ಬದಲಾಗಿ ಕಾಂಡ ಎದ್ದು ಕಾಣುತ್ತದೆ. ತುಂಗನಾಥದ ಇಳಿಜಾರಿನಲ್ಲಿ ನಾನು ಅಳೆದ ಹೂಗಳೆಲ್ಲ ಉದ್ದ ಕೊಳವೆಯವೇ. ಹುಕೇರಿಯಾನಾ ನೋಡಬೇಕೆಂದರೆ ಪಶ್ಚಿಮಕ್ಕೆ, ಲಾಹೌಲ್ ಮತ್ತು ಕಾಶ್ಮೀರದ ಕಡೆಗೆ ಹೋಗಬೇಕು. ಪೂರ್ವ ಹಿಮಾಲಯಕ್ಕೆ ಹೋಗುವವರು ಐರಿಸ್ ಗೋನಿಯೊಕಾರ್ಪಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಸಣಕಲು ಗಿಡ, ತೆಳ್ಳನೆಯ ಕಾಂಡಕ್ಕೆ ಒಂದೇ ಹೂ, ಕೊಳವೆ 2 ಸೆಂಟಿಮೀಟರ್ ದಾಟುವುದಿಲ್ಲ.

ಒಂದೇ ಹೂ ಅಳೆದು ನಿಲ್ಲಿಸಬೇಡಿ. ಆಗತಾನೇ ಬಿರಿದ ಹೂವಿನ ಕೊಳವೆ ಇನ್ನೂ ಬೆಳೆಯುತ್ತಿರುತ್ತದೆ. ಬೇರೆಬೇರೆ ಗುಂಪಿನ, ಪೂರ್ತಿ ಅರಳಿದ ಕೆಲವು ಹೂ ನೋಡಿ, ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆಯುತ್ತೇನೆ. ಒಂದೇ ಗುಂಪಿನ ಹೂಗಳನ್ನು ಎಷ್ಟು ಅಳೆದರೂ ಅದು ಒಂದೇ ಗಿಡದ ಲೆಕ್ಕ. ಗೆಡ್ಡೆ ಕವಲೊಡೆದು ಹರಡಿದ್ದು ತಾನೇ?

ಹೂ ಇದ್ದಾಗಲೇ ಕೆಲಸ ಮುಗಿಯಿತು ಎನ್ನುವವರಿಗೆ ಒಂದು ಮಾತು: ಸಾಧ್ಯವಾದರೆ ಮಳೆಗಾಲ ಕಳೆದ ಮೇಲೆ ಅದೇ ಜಾಗಕ್ಕೆ ಮತ್ತೊಮ್ಮೆ ಹೋಗಿ. ಬುಗ್ಯಾಲಿನ ಹುಲ್ಲು ಕಂದು ಬಣ್ಣಕ್ಕೆ ತಿರುಗುವ ಹೊತ್ತು ಅದು. ಎಲೆಗಳು ಈಗ ಉದ್ದವಾಗಿ ಬಾಗಿರುತ್ತವೆ. ಮೋಟಾಗಿದ್ದ ಕಾಂಡವೂ ಕೊಂಚ ಎದ್ದಿರುತ್ತದೆ. ಅದರ ತುದಿಯಲ್ಲಿ ಮೊನೆಯಿರುವ ಗುಂಡನೆಯ ಕಾಯಿ. ಒಡೆದ ಕಾಯಿಯಲ್ಲಿ ಕೆಂಗಂದು ಬೀಜ, ಪ್ರತಿ ಬೀಜದ ಒಂದು ತುದಿಗೆ ಕೆನೆಬಣ್ಣದ ಮೆತ್ತನೆ ತುಣುಕು ಅಂಟಿಕೊಂಡಿರುತ್ತದೆ. ಅದನ್ನು ಏರಿಲ್ ಎನ್ನುತ್ತಾರೆ. ಉದ್ಯಾನಗಳಲ್ಲಿ ಸಾಮಾನ್ಯವಾಗಿ ಬೆಳೆಸುವ ಎತ್ತರದ ಗಡ್ಡದ ಐರಿಸ್‌ಗಳ ಬೀಜಕ್ಕೆ ಏರಿಲ್ ಇರುವುದಿಲ್ಲ. ಗಡ್ಡ, ಮಚ್ಚೆ, ಗಂಟುಗೆಡ್ಡೆ, ಏರಿಲ್ ಇರುವ ಬೀಜ ಇವೆಲ್ಲ ಒಟ್ಟಿಗೆ ಇರುವ ಹಿಮಾಲಯ ಮತ್ತು ಚೀನಾದ ಸಣ್ಣ ಗುಂಪಿಗೆ ಸ್ಯೂಡೊರೆಜೀಲಿಯ ಎಂದು ಹೆಸರು. ಕೆಮಾವೊನೆನ್ಸಿಸ್, ಹುಕೇರಿಯಾನಾ, ಗೋನಿಯೊಕಾರ್ಪಾ ಮೂರೂ ಇದೇ ಗುಂಪಿನವು. ಅವು ಒಂದನ್ನೊಂದು ಹೋಲುವುದಕ್ಕೂ ಅದೇ ಕಾರಣ.

ಇನ್ನೊಂದು ವಿಷಯ ಕುರಿ ಮೇಯಿಸುವವರಿಂದ ತಿಳಿದದ್ದು. ಸುತ್ತಲಿನ ಹುಲ್ಲನ್ನು ಬೋಳಾಗಿ ಮೇಯ್ದರೂ ಕುರಿಗಳು ಈ ಗಿಡಕ್ಕೆ ಬಾಯಿ ಹಾಕುವುದು ಕಡಿಮೆ. ಆಮೇಲೆ ಗಮನಿಸಿದರೆ ಹೌದು, ತುಳಿತ ಜಾಸ್ತಿ ಇರುವ ಕಡೆಯೂ ಗುಂಪುಗಳು ಗಟ್ಟಿಯಾಗಿ ನಿಂತಿವೆ. ಆದ್ದರಿಂದ ಐರಿಸ್ ದಟ್ಟವಾಗಿದೆ ಎಂದಮಾತ್ರಕ್ಕೆ ಆ ಹುಲ್ಲುಗಾವಲು ಚೆನ್ನಾಗಿದೆ ಎಂದು ನಾನು ಬರೆಯುವುದಿಲ್ಲ. ಪಕ್ಕದಲ್ಲಿ ಇನ್ನೇನು ಬೆಳೆದಿದೆ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸುತ್ತೇನೆ.

ಫೋಟೋ ವಿಷಯಕ್ಕೆ ಬಂದರೆ, ಮೇಲಿನಿಂದ ಒಂದು ತೆಗೆಯಿರಿ, ಅದು ಖುಷಿಗೆ. ಗುರುತಿಗೆ ಬೇಕಾದದ್ದು ಪಕ್ಕದಿಂದ ತೆಗೆದದ್ದು, ನೆಲದಿಂದ ಹೂವಿನ ತುದಿಯವರೆಗೆ ಪೂರ್ತಿ ಕಾಣುವಂತೆ, ಸ್ಕೇಲು ಜೊತೆಯಲ್ಲಿಟ್ಟು. ಆಮೇಲೆ ಗಡ್ಡ ಹತ್ತಿರದಿಂದ, ಹೊದಿಕೆ ಬಿಡಿಸಿ ಕೊಳವೆ, ಕೊನೆಗೆ ಬುಡ. ಗಿಡ, ಪ್ರಾಣಿಗಳ ಫೋಟೋ ಹಾಕಿ ಗುರುತು ಹಿಡಿಯುವ ಜಾಲತಾಣ ಐನ್ಯಾಚುರಲಿಸ್ಟ್‌ನಲ್ಲಿ ಹಾಕುವಾಗ ಎತ್ತರವನ್ನೂ ಬರೆಯಿರಿ. ಹುಡುಕುವಾಗ ಕೆಮಾವೊನೆನ್ಸಿಸ್, ಕುಮಾವೊನೆನ್ಸಿಸ್ ಎರಡೂ ಕಾಗುಣಿತ ಹಾಕಿ ನೋಡಿ, ಹಳೆಯ ದಾಖಲೆಗಳು ಎರಡನೆಯದರ ಕೆಳಗೆ ಜಾಸ್ತಿ ಸಿಗುತ್ತವೆ.

ಗೆಡ್ಡೆ ತಂದು ಕುಂಡದಲ್ಲಿ ನೆಡಬಹುದಾ ಎಂದು ಕೇಳುವವರು ಯಾವಾಗಲೂ ಇರುತ್ತಾರೆ. ಕಾನೂನು ಒಪ್ಪುವುದಿಲ್ಲ. ಒಪ್ಪಿದ್ದರೂ, ವರ್ಷದಲ್ಲಿ ತಿಂಗಳುಗಟ್ಟಲೆ ಹಿಮದಡಿಯಲ್ಲಿ ಮಲಗಿ ಅಭ್ಯಾಸವಾದ ಗೆಡ್ಡೆ ಅದು. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿಟ್ಟರೆ ಕೊಳೆಯುತ್ತದೆ.