ಗೋಬರ್ ಗ್ಯಾಸ್: ಮೊದಲು ಸಗಣಿ ತೂಗಿ, ಆಮೇಲೆ ಗುಂಡಿ ತೋಡಿ

ಗೋಬರ್ ಗ್ಯಾಸ್ ಹಾಕಿಸಲು ಹೊರಟವರು ಮೊದಲು ವಿಚಾರಿಸುವುದು ಸಹಾಯಧನ ಎಷ್ಟೆಂದು. ಅದಕ್ಕೂ ಮುಂಚೆ ಒಂದು ವಾರ ಕೊಟ್ಟಿಗೆಯ ಸಗಣಿಯನ್ನು ಬುಟ್ಟಿಗೆ ತುಂಬಿ ತೂಗಿ ನೋಡಿ. ಮೇಯಲು ಹೋಗುವ ದನದ ಸಗಣಿಯಲ್ಲಿ ಅರ್ಧದಷ್ಟು ಗೋಮಾಳದಲ್ಲೇ ಉಳಿಯುತ್ತದೆ. ಕಿಲೋ ಸಗಣಿಗೆ ಸುಮಾರು 40 ಲೀಟರ್ ಅನಿಲ ಸಿಗುತ್ತದೆ. ದಿನಕ್ಕೆ 50 ಕಿಲೋ ಇದ್ದರೆ ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಸ್ಥಾವರ ಸಾಕು; ಆ ಅನಿಲ ಸುಮಾರು 850 ಗ್ರಾಂ ಎಲ್‌ಪಿಜಿಗೆ ಸಮ. ಎರಡೇ ಹಸು ಕಟ್ಟಿಕೊಂಡು ದೊಡ್ಡ ಗುಂಡಿ ಕಟ್ಟಿಸಿದರೆ ಸಿಮೆಂಟು ದಂಡ, ಅನಿಲವೇನೂ ಹೆಚ್ಚುವುದಿಲ್ಲ.

ಜಾಗ ಬಿಸಿಲು ಬೀಳುವಂತಿರಲಿ, ಅಡುಗೆಮನೆಗೆ ಹತ್ತಿರ, ಬಾವಿಗೆ ದೂರ.

ಮೊದಲ ಸಲ ತುಂಬಲು ಸುಮಾರು 2 ಟನ್ ಸಗಣಿ, ಅಷ್ಟೇ ನೀರು ಬೇಕು. ಅಕ್ಕಪಕ್ಕದವರಿಂದಲೂ ತರಬೇಕಾದೀತು. ಮೊದಲು ಬರುವ ಅನಿಲದಲ್ಲಿ ಗಾಳಿ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಉರಿಯುವುದಿಲ್ಲ, ಹೊರಗೆ ಬಿಟ್ಟುಬಿಡಿ. ಕೊಳವೆಯ ಬಾಯಿಗೆ ಕಡ್ಡಿ ಗೀರಿ ಪರೀಕ್ಷಿಸಬೇಡಿ, ಒಳಗೆ ಗಾಳಿ ಬೆರೆತಿದ್ದರೆ ಸ್ಫೋಟಿಸಬಹುದು.

ಆಮೇಲೆ ದಿನವೂ 50 ಕಿಲೋ ಸಗಣಿ, 50 ಲೀಟರ್ ನೀರು. ಹುಲ್ಲು, ಕಲ್ಲು ತೆಗೆದು, ಗಂಟಿಲ್ಲದಂತೆ ಕಲಸಿ ಬಿಡಿ. ನೀರು ಹೆಚ್ಚಾದರೆ ಮರಳು ತಳದಲ್ಲಿ ಕೂರುತ್ತದೆ, ಸಗಣಿ ಪೂರ್ತಿ ಕೊಳೆಯದೆ ಹೊರಬೀಳುತ್ತದೆ. ಕಡಿಮೆಯಾದರೆ ಮೇಲೆ ಕೆನೆಗಟ್ಟಿ ಅನಿಲ ಏಳುವುದಿಲ್ಲ. ಕೊಟ್ಟಿಗೆ ತೊಳೆದ ನೀರಿನ ಚರಂಡಿಯನ್ನೇ ಸಗಣಿ ಕಲಸುವ ತೊಟ್ಟಿಗೆ ಜೋಡಿಸುವುದು ಸಾಮಾನ್ಯ ತಪ್ಪು: ಅದರೊಂದಿಗೆ ಫಿನಾಯಿಲ್ಲೂ ಸೇರಿ, ಅನಿಲ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಚಳಿಗಾಲದಲ್ಲಿ ಅನಿಲ ಇಳಿದರೆ ಗಾಬರಿ ಬೇಡ.

ಒಲೆ ಗೋಬರ್ ಗ್ಯಾಸಿನದ್ದೇ ಆಗಬೇಕು. ಎಲ್‌ಪಿಜಿ ಒಲೆಯ ಸಣ್ಣ ರಂಧ್ರ ಇದಕ್ಕೆ ಸಾಲದು. ಉರಿ ಹಳದಿಯಾದರೆ ಗಾಳಿಯ ಕಿಂಡಿ ಇನ್ನಷ್ಟು ತೆರೆಯಿರಿ. ಉರಿ ಜಿಗಿಜಿಗಿ ಎಂದರೆ ಕೊಳವೆಯಲ್ಲಿ ನೀರು ನಿಂತಿದೆ. ಅದಕ್ಕೇ ಕೊಳವೆಯನ್ನು ಇಳಿಜಾರಾಗಿ ಹಾಕಿ, ತಗ್ಗಿನಲ್ಲಿ ನೀರು ಬಸಿಯುವ ನಲ್ಲಿ ಇಡುವುದು.

ತಿಂಗಳಿಗೊಮ್ಮೆ ಕೊಳವೆಯ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಅನಿಲದಲ್ಲಿ ನೂರಕ್ಕೆ ಸುಮಾರು 60 ಪಾಲು ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ. ಸೋರುವ ಸ್ಥಾವರಕ್ಕಿಂತ ಹಿತ್ತಲಿನ ತಿಪ್ಪೆಯೇ ವಾಸಿ.

ಹೊರಬಂದ ಬಗ್ಗಡವನ್ನು ಬಿಸಿಲಲ್ಲಿ ಒಣಗಿಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನೆರಳಿನ ಗುಂಡಿಯಲ್ಲಿ ತರಗೆಲೆಯ ಮೇಲೆ ಸುರಿದು, ಪದರ ಪದರವಾಗಿ ಮುಚ್ಚಿ ಕಾಂಪೋಸ್ಟ್ ಮಾಡಿ.