ದಪ್ಪ ಪುಸ್ತಕ ಆಮೇಲೆ: ಫ್ಯಾಂಟಸಿ, ಸೈ-ಫೈ, ಹಾರರ್ ಓದೋಕೆ ಶುರು ಮಾಡೋದು ಹೀಗೆ

ಫ್ಯಾಂಟಸಿ ಓದಬೇಕು ಅಂತ ಆಸೆಪಟ್ಟು, ಯಾರೋ ಹೇಳಿದರು ಅಂತ ಇಟ್ಟಿಗೆ ಗಾತ್ರದ ಮೊದಲ ಭಾಗ ತಂದು, ಅರವತ್ತನೇ ಪುಟದಲ್ಲಿ ಬುಕ್‌ಮಾರ್ಕ್ ಸಿಕ್ಕಿಸಿ ಕೈಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ತಪ್ಪು ಅವರದ್ದಲ್ಲ. ಮೊದಲು ತೆಳ್ಳಗಿನ ಪುಸ್ತಕ ತಗೊಳ್ಳಿ. ಇನ್ನೂರು ಪುಟದಲ್ಲಿ ಹಿಡಿಸದ ಲೇಖಕ ಸಾವಿರ ಪುಟದಲ್ಲಿ ಹಿಡಿಸೋದು ಅಪರೂಪ.

ಎಲ್ಲಿ ಹುಡುಕೋದು? ಇಂಗ್ಲಿಷ್ ಪುಸ್ತಕಕ್ಕೆ ಬೆಂಗಳೂರಿನ ಚರ್ಚ್ ಸ್ಟ್ರೀಟ್. ಅಲ್ಲಿನ ಬ್ಲಾಸಂ, ಬುಕ್‌ವರ್ಮ್ ಎರಡೂ ಅಂಗಡಿಗಳಲ್ಲಿ ಹೊಸದು, ಹಳೆಯದು ಎರಡೂ ಸಿಗುತ್ತವೆ. 1945ರಲ್ಲಿ ಶುರುವಾದ ‘ಸೆಲೆಕ್ಟ್’ ಪುಸ್ತಕದಂಗಡಿ ಬ್ರಿಗೇಡ್ ರೋಡಿನ ಪಕ್ಕದ ಗಲ್ಲಿಯಲ್ಲಿದೆ. ಕನ್ನಡಕ್ಕೆ ಗಾಂಧಿ ಬಜಾರಿನ ಅಂಕಿತ. ಅಂಗಡಿಯಲ್ಲಿ ಮುನ್ನುಡಿ ಓದಬೇಡಿ, ಹಿಂದಿನ ರಟ್ಟಿನ ಹೊಗಳಿಕೆಯಂತೂ ಬೇಡವೇ ಬೇಡ. ಮೊದಲ ಪುಟ ಓದಿ, ಆಮೇಲೆ ಮಧ್ಯದಲ್ಲಿ ಎಲ್ಲಾದರೂ ಒಂದು ಪುಟ. ಮಧ್ಯದ ಪುಟ ಅರ್ಥವಾಗದಿದ್ದರೂ ಪರವಾಗಿಲ್ಲ, ಮುಂದೇನು ಅಂತ ಅನಿಸಬೇಕು, ಅಷ್ಟೇ. ಸೆಕೆಂಡ್ ಹ್ಯಾಂಡ್ ಸರಣಿ ಆದರೆ ಎಷ್ಟನೇ ಭಾಗ ಅಂತ ನೋಡಿಕೊಳ್ಳಿ. ಎರಡನೆಯದು, ಮೂರನೆಯದು ಸುಲಭವಾಗಿ ಕಣ್ಣಿಗೆ ಬೀಳುತ್ತವೆ, ಮೊದಲನೆಯದು ಮಾತ್ರ ಯಾರ ಮನೆಯಲ್ಲಿ ಕೂತಿರುತ್ತೋ ಗೊತ್ತಿಲ್ಲ.

ಫ್ಯಾಂಟಸಿಗೆ ನನ್ನ ಮೊದಲ ಆಯ್ಕೆ ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’, 1968ರದ್ದು. ಜಂಬಕ್ಕೆ ಬಿದ್ದ ಒಬ್ಬ ಹುಡುಗ ಮಂತ್ರ ಹಾಕಿ ಒಂದು ನೆರಳನ್ನು ಎಬ್ಬಿಸಿಬಿಡುತ್ತಾನೆ, ಅದು ಅವನ ಬೆನ್ನು ಬಿಡಲ್ಲ. ದೊಡ್ಡ ಯುದ್ಧ ಇಲ್ಲ, ಸೈನ್ಯ ಇಲ್ಲ, ಆದರೂ ಇಡೀ ದ್ವೀಪಲೋಕ ಕಣ್ಣ ಮುಂದೆ ಬರುತ್ತೆ. ಕನ್ನಡದಲ್ಲೇ ಬೇಕು ಅಂದರೆ ಗಿರೀಶ್ ಕಾರ್ನಾಡರ ‘ನಾಗಮಂಡಲ’ ತಗೊಳ್ಳಿ. ನಾಟಕ ಅಂತ ಹಿಂಜರಿಯಬೇಡಿ. ಊರಿನವರು ದೀಪ ಆರಿಸಿದ ಮೇಲೆ ಆ ಜ್ವಾಲೆಗಳೆಲ್ಲ ಪಾಳುಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹರಟುತ್ತವೆ! ಇದಕ್ಕಿಂತ ಒಳ್ಳೆ ಫ್ಯಾಂಟಸಿ ಬೇಕಾ?

ಸೈ-ಫೈನಲ್ಲಿ, ಅಂದರೆ ವಿಜ್ಞಾನದ ಕಲ್ಪನೆಯ ಕಥೆಗಳಲ್ಲಿ, ಆರ್ಥರ್ ಸಿ. ಕ್ಲಾರ್ಕ್ ಅವರ ‘ರಾಂದೇವೂ ವಿತ್ ರಾಮ’ (1973). ಸೌರವ್ಯೂಹದ ಒಳಗೆ ಒಂದು ಖಾಲಿ ನೌಕೆ ಬರುತ್ತೆ. ಸಿಲಿಂಡರ್ ಆಕಾರ, ಉದ್ದ 50 ಕಿ.ಮೀ., ಅಂದರೆ ಬೆಂಗಳೂರಿನಿಂದ ಹೆಚ್ಚುಕಡಿಮೆ ರಾಮನಗರದಷ್ಟು. ಒಳಗೆ ಹೋದವರಿಗೆ ಸಮುದ್ರ ತಲೆ ಮೇಲೂ ಹಾದುಹೋಗಿರೋದು ಕಾಣುತ್ತೆ. ಪಾತ್ರಗಳು ಸಪ್ಪೆ, ಒಪ್ಪಿಕೊಳ್ಳೋಣ, ಆ ಪುಸ್ತಕದ ಹೀರೋ ನೌಕೆಯೇ. ಪಾತ್ರ ಮುಖ್ಯ ಅನ್ನುವವರಿಗೆ ಟೆಡ್ ಚಿಯಾಂಗ್ ಅವರ ಕಥೆಗಳು. ತೇಜಸ್ವಿಯವರ ‘ಕರ್ವಾಲೊ’ (1980) ಲೆಕ್ಕಕ್ಕೆ ಸೈ-ಫೈ ಅಲ್ಲ. ಆದರೂ ಹಾರುವ ಓತಿಯ ಹಿಂದೆ ಬಿದ್ದ ಆ ಗುಂಪಿನ ಜೊತೆ ಕಾಡು ಸುತ್ತಿದವರಿಗೆ ವಿಜ್ಞಾನದ ಬೆರಗು ಏನು ಅಂತ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹಾರರ್ ಮೆಟ್ರೋದಲ್ಲಿ ಓದಬೇಡಿ. ಪ್ರತಿ ಸ್ಟೇಷನ್ನಿಗೂ ಭಯ ಇಳಿದುಹೋಗುತ್ತೆ. ರಾತ್ರಿ, ಒಂದೇ ಕೂರುವಿಕೆಯಲ್ಲಿ, ಫೋನ್ ಇನ್ನೊಂದು ರೂಮಿನಲ್ಲಿ. ‘ಡ್ರಾಕುಲಾ’ (1897) ಪೂರ್ತಿ ಓದೋಕೆ ಆಗದಿದ್ದರೆ ಮೊದಲ ನಾಲ್ಕು ಅಧ್ಯಾಯ ಓದಿ, ಕೋಟೆಯೊಳಗೆ ಸಿಕ್ಕಿಬಿದ್ದ ಜೊನಾಥನ್‌ನ ಡೈರಿ ಅಷ್ಟರಲ್ಲೇ ಇದೆ. ದೆವ್ವ ಬಾಗಿಲು ತಟ್ಟೀತು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದುಕೊಂಡಿದ್ದ ಊರಿನವರಿಗೆ ಹೆದರೋದು ಹೇಗೆ ಅಂತ ನಾನೇನು ಹೇಳಲಿ.

ನನಗೆ ಜಾಸ್ತಿ ಇಷ್ಟವಾದದ್ದು ಮಾತ್ರ ಎಚ್. ಪಿ. ಲವ್‌ಕ್ರಾಫ್ಟ್‌ನ ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್’, ಪ್ರಕಟವಾದದ್ದು 1936ರಲ್ಲಿ. ಅಂಟಾರ್ಕ್ಟಿಕಾದ ಹಿಮಬೆಟ್ಟಗಳ ಆಚೆ ಮನುಷ್ಯರು ಕಟ್ಟಿರದ ಒಂದು ನಗರ. ಆ ಬೆಟ್ಟಗಳು ಹೇಗಿವೆ ಅಂತ ಹೇಳೋಕೆ ಅವನು ಮತ್ತೆ ಮತ್ತೆ ನೆನಪಿಸಿಕೊಳ್ಳೋದು ನಿಕೊಲಾಸ್ ರೋರಿಕ್ ಅನ್ನುವ ಚಿತ್ರಕಾರನನ್ನು. ಆ ರೋರಿಕ್ ಮಗ ಸ್ವೆತೊಸ್ಲಾವ್ ಸಿನಿಮಾ ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ ಇಲ್ಲೇ ಕನಕಪುರ ರಸ್ತೆ ಕಡೆಯ ತಾತಗುಣಿ ಎಸ್ಟೇಟಿನಲ್ಲಿ ಇದ್ದರು. ಅಪ್ಪ, ಮಗ ಇಬ್ಬರ ಚಿತ್ರಗಳೂ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿವೆ. ಮೊದಲು ಕಥೆ ಓದಿ, ಆಮೇಲೆ ಹೋಗಿ ನೋಡಿ. ಆ ನೀಲಿ, ನೇರಳೆ ಬೆಟ್ಟಗಳು ಶಾಂತವಾಗಿ ಕಾಣಬೇಕಲ್ವಾ, ಕಥೆ ಓದಿ ಹೋದರೆ ಹಾಗೆ ಕಾಣಲ್ಲ.

ಆರ್ಟ್ ಬುಕ್ ಕೊಳ್ಳೋದೂ ಇದೇ ಕ್ರಮದಲ್ಲಿ. ನೀವು ಎದುರು ನಿಂತು ನೋಡಿದ ಚಿತ್ರ ಯಾವ ಪುಸ್ತಕದಲ್ಲಿದೆಯೋ ಅದನ್ನೇ ಹುಡುಕಿ, ಆಗ ಮುದ್ರಣ ಎಷ್ಟು ನಿಯತ್ತಾಗಿದೆ ಅಂತ ನಿಮಗೇ ತಿಳಿಯುತ್ತೆ. ಅಂಗಡಿಯಲ್ಲಿ ಪುಸ್ತಕವನ್ನು ಬಾಗಿಲ ಬಳಿಯ ಬೆಳಕಿಗೆ ಒಯ್ಯಿರಿ. ಕಪ್ಪು ಜಾಗಗಳಲ್ಲಿ ವಿವರ ಕಾಣುತ್ತಿದೆಯಾ, ಸುಮ್ನೆ ಮಸಿ ಮೆತ್ತಿದೆಯಾ? ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಮುಖ ಹೊಲಿಗೆಯ ಸಂದಿಗೆ ಸಿಕ್ಕಿದ್ದರೆ ಅಲ್ಲೇ ವಾಪಸ್ ಇಡಿ. ಎಷ್ಟು ಕಡಿಮೆ ಬೆಲೆ ಇದ್ದರೂ ಸರಿ. ಕಲೆಯ ಬಗ್ಗೆ ಓದಬೇಕು ಅಂದರೆ ಜಾನ್ ಬರ್ಜರ್ ಅವರ ‘ವೇಸ್ ಆಫ್ ಸೀಯಿಂಗ್’ (1972) ಸಾಕು. ಅದೂ ತೆಳ್ಳಗೇ ಇದೆ.

ಜನವರಿಯಲ್ಲಿ ಕಲಾವಿದರು ರಸ್ತೆಯಲ್ಲೇ ಚಿತ್ರ ಮಾರುವ ಚಿತ್ರಸಂತೆಯ ದಿನ ಮಾತ್ರ ರೋರಿಕ್ ನೋಡೋಕೆ ಅಂತ ಪರಿಷತ್ತಿಗೆ ಹೋಗಬೇಡಿ. ಕುಮಾರಕೃಪಾ ರಸ್ತೆಯಲ್ಲಿ ಕಾಲಿಡೋಕೂ ಜಾಗ ಇರಲ್ಲ.