ಟ್ರಿಪೆಲ್ ಬಿಯರ್ ಸವಿಯುವುದು ಹೇಗೆ

ಟ್ರಿಪೆಲ್ ಎಂಬ ಬೆಲ್ಜಿಯಂ ಶೈಲಿಯ ಗಟ್ಟಿ ಬಿಯರಿನ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಲೋಟಕ್ಕೆ ಸುರಿದುಕೊಂಡರೆ ಕೊಟ್ಟ ದುಡ್ಡು ದಂಡ. ಮಾಮೂಲಿ ಲಾಗರ್ ಬಿಯರ್ ತಣ್ಣಗಿದ್ದಷ್ಟೂ ಚೆನ್ನ, ಇದು ಹಾಗಲ್ಲ. 4 ಡಿಗ್ರಿಯಲ್ಲಿ ಘಮವೆಲ್ಲ ಮುದುಡಿಕೊಂಡು, ಬಾಯಿಗೆ ಸಿಗುವುದು ಬರೀ ಕಹಿ ಮತ್ತು ಗ್ಯಾಸ್. 330 ಎಂಎಲ್ ಬಾಟಲಿಯನ್ನು ಇಪ್ಪತ್ತು ನಿಮಿಷ ಹೊರಗಿಟ್ಟರೆ ನಮ್ಮ ಸೆಕೆಗೆ 8–9 ಡಿಗ್ರಿಗೆ ಬರುತ್ತದೆ. ಅಲ್ಲಿಂದ ಶುರು ಮಾಡಿ.

ಬೆಲ್ಜಿಯಂನ ಆಂಟ್‌ವರ್ಪ್ ಪ್ರಾಂತ್ಯದ ವೆಸ್ಟ್‌ಮಾಲೆ ಮಠದಲ್ಲಿ ಟ್ರಾಪಿಸ್ಟ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು 1934ರಲ್ಲಿ ತಮ್ಮ ಹೊಂಬಣ್ಣದ ಗಟ್ಟಿ ಬಿಯರಿಗೆ ಟ್ರಿಪೆಲ್ ಎಂಬ ಹೆಸರಿಟ್ಟರು. 1956ರಿಂದ ಅದರ ಪಾಕ ಹೆಚ್ಚುಕಡಿಮೆ ಹಾಗೇ ಇದೆ. ಆಲ್ಕೋಹಾಲ್ 9.5 ಶೇಕಡಾ. ಇದಕ್ಕೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಜೊತೆ ಸಕ್ಕರೆಯೂ ಬೀಳುತ್ತದೆ. ಹಾಗಾದರೆ ಸಿಹಿಯಾಗಿರಬೇಕಲ್ಲ ಅನ್ನಿಸುವುದು ಸಹಜ, ಆದರೆ ಆಗುವುದು ತಿರುವುಮುರುವು. ಯೀಸ್ಟ್ ಆ ಸಕ್ಕರೆಯನ್ನು ಪೂರ್ತಿ ತಿಂದು ಮುಗಿಸುತ್ತದೆ. ಆಲ್ಕೋಹಾಲ್ ಏರುತ್ತದೆ, ಬಿಯರ್ ಮಾತ್ರ ಹಗುರವಾಗಿಯೇ ಉಳಿಯುತ್ತದೆ. ಬರೀ ಮಾಲ್ಟಿನಿಂದ ಇಷ್ಟು ಗಟ್ಟಿ ಮಾಡಿದ್ದರೆ ಪಾಯಸದ ಹಾಗೆ ಬಾಯಿ ಕಟ್ಟುತ್ತಿತ್ತು. ಒಳ್ಳೆಯ ಟ್ರಿಪೆಲ್‌ನ ಗುರುತು ನುಂಗಿದ ಮೇಲೆ ಬಾಯಲ್ಲಿ ಸಿಹಿ ಉಳಿಯದ ಈ ಒಣ ಮುಕ್ತಾಯವೇ.

ಕೊಳ್ಳುವಾಗ ದಿನಾಂಕ ನೋಡಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತಿಂಗಳುಗಟ್ಟಲೆ ನಿಂತ ಬಾಟಲಿ ಬೇಡ. ಕಪ್ಪು ಬಿಯರುಗಳಂತೆ ಇದನ್ನು ವರ್ಷಗಟ್ಟಲೆ ಕೂಡಿಟ್ಟು ಲಾಭವಿಲ್ಲ, ಮೊದಲು ಮಾಯವಾಗುವುದೇ ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವಿನ ತಾಜಾತನ. ಮನೆಯಲ್ಲಿ ಕತ್ತಲು, ತಂಪಿರುವ ಕಡೆ ನಿಲ್ಲಿಸಿಡಿ. ಮಲಗಿಸಿದರೆ ತಳದ ಯೀಸ್ಟ್ ಗಷ್ಟು ಬಾಟಲಿಯ ಪಕ್ಕಕ್ಕೆ ಅಂಟಿ, ಬಗ್ಗಿಸುವಾಗ ಎಲ್ಲ ಕಲಕಿಹೋಗುತ್ತದೆ.

ಬಾಯಗಲದ, ಕಾಲಿರುವ ಗಾಬ್ಲೆಟ್ ಇದ್ದರೆ ಸರಿ. ಇಲ್ಲದಿದ್ದರೆ ದೊಡ್ಡ ವೈನ್ ಗ್ಲಾಸ್ ಸಾಕು. ಅರ್ಧ ಲೀಟರ್ ಹಿಡಿಯುವಂತಿರಲಿ, ಏಕೆಂದರೆ ನೊರೆ ಜಾಸ್ತಿ. ಗ್ಲಾಸಿನಲ್ಲಿ ಎಣ್ಣೆ ಪಸೆ ಇದ್ದರೆ ನೊರೆ ನಿಲ್ಲುವುದಿಲ್ಲ. ಒಳಗೆ ನೀರು ಹಾಯಿಸಿ ನೋಡಿ: ಹಾಳೆಯಂತೆ ಜಾರಿದರೆ ಚೊಕ್ಕ, ಅಲ್ಲಲ್ಲಿ ಹನಿ ನಿಂತರೆ ಮತ್ತೆ ತೊಳೆಯಿರಿ. ಬಟ್ಟೆಯಲ್ಲಿ ಒರೆಸಬೇಡಿ, ತಣ್ಣೀರಲ್ಲಿ ಜಾಲಿಸಿ ಒದ್ದೆಯಲ್ಲೇ ಸುರಿಯಿರಿ.

ಗ್ಲಾಸನ್ನು ಓರೆ ಹಿಡಿದು ನಿಧಾನವಾಗಿ ಬಗ್ಗಿಸಿ. ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ, ಮೇಲೆ ಮೂರು ಬೆರಳು ನೊರೆ ಬರಲಿ. ಬಾಟಲಿಯನ್ನು ನಡುವೆ ನೆಟ್ಟಗೆ ಮಾಡದೆ ಒಂದೇ ಸಲಕ್ಕೆ ಮುಗಿಸಿ, ತಳದಲ್ಲಿ ಒಂದು ಸೆಂಟಿಮೀಟರ್ ಬಿಡಿ. ಆ ಗಷ್ಟನ್ನು ಕೊನೆಗೆ ಪುಟ್ಟ ಲೋಟದಲ್ಲಿ ಬೇರೆಯಾಗಿ ಕುಡಿದು ನೋಡಬಹುದು. ಹುಳಿ ಬಂದ ಬ್ರೆಡ್ ಹಿಟ್ಟಿನ ರುಚಿ, ಕೊಂಚ ಕಹಿ.

ಒಂದು ನಿಮಿಷ ಬಿಟ್ಟು ಮೂಗಿಗೆ ಹಿಡಿಯಿರಿ. ಲವಂಗ, ಕಾಳುಮೆಣಸು, ಕಿತ್ತಳೆ ಸಿಪ್ಪೆ, ಅದರ ಹಿಂದೆ ಹಣ್ಣಾದ ಬಾಳೆ ಅಥವಾ ಪೇರ್. ಲವಂಗವನ್ನು ಯಾರೂ ಹಾಕಿಲ್ಲ, ಅದು ಯೀಸ್ಟಿನ ಕೈಚಳಕ. ಆಮೇಲೆ ಸಣ್ಣ ಗುಟುಕು ತೆಗೆದುಕೊಂಡು ನಾಲಿಗೆಯ ಮೇಲೆ ಎರಡು ಕ್ಷಣ ನಿಲ್ಲಿಸಿ. ಗುಳ್ಳೆಗಳು ಚುಚ್ಚುತ್ತವೆ, ಜೇನು ಸವರಿದ ಬ್ರೆಡ್ಡಿನಂಥ ಸಿಹಿ ಇಣುಕುತ್ತದೆ, ಹಿಂದೆಯೇ ಕಹಿ ಬಂದು ಅದನ್ನು ಅಳಿಸುತ್ತದೆ. ನುಂಗಿದ ಮೇಲೆ ಹತ್ತು ಎಣಿಸಿ. ಬಾಯಿ ಒಣಗಿ ಮತ್ತೊಂದು ಗುಟುಕು ಬೇಕೆನಿಸಬೇಕು. ತುಟಿ ಅಂಟಂಟಾದರೆ ಆ ಟ್ರಿಪೆಲ್ ಸೋತಿದೆ. 12 ಡಿಗ್ರಿ ದಾಟಿದಾಗ ಮತ್ತೆ ರುಚಿ ನೋಡಿ, ಅದೇ ಗ್ಲಾಸಿನಲ್ಲಿ ಹಣ್ಣಿನ ರುಚಿ ಮುಂದೆ ಬಂದಿರುತ್ತದೆ.

ಕೆಟ್ಟಿದ್ದನ್ನೂ ಮೂಗೇ ಹೇಳುತ್ತದೆ. ನೆನೆದ ರಟ್ಟಿನ ವಾಸನೆ ಬಂದರೆ ಗಾಳಿ ಸೇರಿ ಹಳತಾಗಿದೆ. ಉಗುರುಬಣ್ಣ ಅಳಿಸುವ ದ್ರವದ ಘಾಟು ಇದ್ದರೆ ಹುದುಗುವಾಗ ಯೀಸ್ಟಿಗೆ ಬಿಸಿ ಅತಿಯಾಗಿದೆ ಎಂಬ ಗುಮಾನಿ ಸರಿ. ಎದೆ ಬೆಚ್ಚಗಾದರೆ ತಪ್ಪಲ್ಲ, ಗಂಟಲು ಉರಿದರೆ ತಪ್ಪು.

ಹೋಲಿಸಿ ಕಲಿಯಲು ವೆಸ್ಟ್‌ಮಾಲೆ ಪಕ್ಕದಲ್ಲಿ ಟ್ರಿಪೆಲ್ ಕಾರ್ಮೆಲೀಟ್ ಇಡಿ. 8.4 ಶೇಕಡಾದ ಇದರಲ್ಲಿ ಬಾರ್ಲಿ ಜೊತೆ ಗೋಧಿ, ಓಟ್ಸ್ ಇರುವುದರಿಂದ ನೊರೆ ಕೆನೆಯಂತೆ, ರುಚಿ ಮೆತ್ತಗೆ. ಸಲೀಸಾಗಿ ಇಳಿಯುವುದು ಇದು, ಪಾಠ ಹೇಳುವುದು ವೆಸ್ಟ್‌ಮಾಲೆ. ನಂಜಿಕೊಳ್ಳಲು ಉಪ್ಪುಪ್ಪಾದ ಗಟ್ಟಿ ಚೀಸ್ ಅಥವಾ ಬೆಣ್ಣೆಯಲ್ಲಿ ಹುರಿದ ಮೀನು ಒಳ್ಳೆಯದು. ಖಾರದ ಕೋರಿ ಗಸಿಯನ್ನು ಇನ್ನೊಂದು ದಿನಕ್ಕಿಡಿ, ಆಲ್ಕೋಹಾಲ್ ಮತ್ತು ಗ್ಯಾಸ್ ಸೇರಿ ಉರಿ ಇಮ್ಮಡಿಯಾಗುತ್ತದೆ.

ವೆಸ್ಟ್‌ಮಾಲೆಯ ಒಂದು 330 ಎಂಎಲ್ ಬಾಟಲಿಯಲ್ಲಿ ಸುಮಾರು 25 ಗ್ರಾಂ ಆಲ್ಕೋಹಾಲ್ ಇದೆ, 5 ಶೇಕಡಾದ ಬಿಯರಿನ ಎರಡು 330 ಎಂಎಲ್ ಬಾಟಲಿಗೆ ಹತ್ತಿರಹತ್ತಿರ ಸಮ. ಅರ್ಧ ಗಂಟೆಗೂ ಮೇಲೆ ಎಳೆಯಿರಿ, ಗಾಡಿ ಕೀಲಿ ಮುಟ್ಟಬೇಡಿ. ಮೂರು ಜನ ಇದ್ದರೆ 750 ಎಂಎಲ್ ಬಾಟಲಿ ತನ್ನಿ. ಗ್ಲಾಸುಗಳನ್ನು ಸಾಲಾಗಿಟ್ಟು, ಬಾಟಲಿಯನ್ನು ನಡುವೆ ನೆಟ್ಟಗೆ ಮಾಡದೆ ಒಂದೇ ಓರೆಯಲ್ಲಿ ಮೂರಕ್ಕೂ ಸುರಿಯಿರಿ. ಇಲ್ಲದಿದ್ದರೆ ಕೊನೆಯವರ ಪಾಲಿಗೆ ಬರೀ ಗಷ್ಟು.